ಕೊನೆಯ ತುತ್ತಿನಿಂದ ಶುರು

ಫೋನಿನಲ್ಲಿ ಟೈಪ್ ಮಾಡುವುದನ್ನು ನನಗೆ ಕಲಿಸಿದವಳು ಮೊಮ್ಮಗಳು ಹಂಸ. ಮೊದಲ ದಿನ ಇಡೀ ಮೆಸೇಜನ್ನು ತಾನೇ ಬರೆದು, "ಅಜ್ಜಿ, ಈ ಬಾಣದ ಗುರುತು ಒಂದನ್ನ ಒತ್ತು, ಸಾಕು" ಅಂದಳು. ಒತ್ತಿದೆ. ಕಣ್ಣ ಮುಂದೆಯೇ ಸುಯ್ಯೆಂದು ಹೋಯಿತು. ಆ ಖುಷಿಗೆ, ಅವಳು ಅತ್ತ ಹೋದದ್ದೇ ತಡ, ಫೋನಿನಲ್ಲಿದ್ದ ಎಲ್ಲರಿಗೂ ಒಂದೊಂದು ಚುಕ್ಕಿ ಕಳಿಸಿದೆ. ನಮ್ಮ ಬೀಗಿತ್ತಿ ಗಾಬರಿಯಾಗಿ ಫೋನ್ ಮಾಡಿದರು.

"ಯಾರಿಗೇನಾಯ್ತಕ್ಕ?"

"ಯಾರ್ಗೂ ಏನೂ ಆಗಿಲ್ಲ ಕಣವ್ವ, ನಂಗೆ ಬಾಣ ಒತ್ತಾಕೆ ಬಂತು" ಅಂದೆ.

ಮರುದಿನ ಹಂಸ ಮೆಸೇಜಿನ ಕೊನೆಯ ಪದವನ್ನು ನನಗೆ ಬಿಟ್ಟಳು. ಅದರ ಮರುದಿನ ಕೊನೆಯ ಸಾಲು. ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಈಗ ಮೊದಲ ಅಕ್ಷರದಿಂದ ನಾನೇ ಬರೆಯುತ್ತಿದ್ದೇನೆ. "ಇಂಗೆ ಕಡೆಯಿಂದ ಕಲ್ಸೋದ ನಿಂಗೆ ಯಾರು ಯೋಳ್ಕೊಟ್ರು?" ಎಂದು ಕೇಳಿದರೆ, "ನೀನೇ ಅಲ್ವಾ? ನಂಗೆ ಶೂ ಲೇಸು ಕಲ್ಸಿದ್ದು ಇಂಗೇ" ಅಂದಳು. ಕಳ್ಳಿ, ನನ್ನ ಮದ್ದನ್ನು ನನಗೇ ಕುಡಿಸಿದ್ದಳು.

ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳ ಮನೆಗಳಿಗೆ ಹೋಗಿ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಲ್ಲ, ಹುಡುಗಿಯರಾ, ಆ ಮದ್ದಿನ ಕತೆಯನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ನಿಮಗೆ ತರಬೇತಿಯಲ್ಲಿ ಎಲ್ಲವನ್ನೂ ಹೇಳಿರುತ್ತಾರೆ. ಮನೆಯೊಳಗೆ ಕಾಲಿಟ್ಟ ಮೇಲೆ ಏನೇನಾಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ನನ್ನ ಮನೆ ಶ್ರೀರಂಗಪಟ್ಟಣದಲ್ಲಿ. ಕೆಲಸ ನಾಲ್ಕು ತಾಲ್ಲೂಕಿನಲ್ಲಿ. ಒಂದು ದಿನ ಬೆಳಗೊಳ, ಒಂದು ದಿನ ಪಾಂಡವಪುರದ ಕಡೆ, ಒಂದು ದಿನ ಕೆ.ಆರ್. ಪೇಟೆ ದಾಟಿ ಕಿಕ್ಕೇರಿ, ಇನ್ನೊಂದು ದಿನ ನಾಗಮಂಗಲ. ಹೆಗಲಿಗೆ ಸಂಸ್ಥೆ ಕೊಟ್ಟ ಚೀಲ. ಅದರೊಳಗೆ ಬಣ್ಣದ ಮಣಿ, ಗುಂಡಿ ಹಾಕಿ ತೆಗೆಯುವ ಬಟ್ಟೆಯ ಚೌಕಟ್ಟು, ಪ್ಲಾಸ್ಟಿಕ್ಕಿನ ಸೇಬು, ಪ್ಲಾಸ್ಟಿಕ್ಕಿನ ದ್ರಾಕ್ಷಿ. ಆ ಸೇಬನ್ನು ನೋಡಿ ಮಕ್ಕಳಿಗಿಂತ ಮೊದಲು ಕಂಡಕ್ಟರುಗಳು ಕಲಿತರು. ನಾನು ಹತ್ತಿದರೆ ಸಾಕು, "ಸೇಬಮ್ಮ ಬಂದ್ರು, ಸೀಟು ಬುಡ್ರಪ್ಪ" ಅನ್ನುತ್ತಿದ್ದರು. ನಾನು ಹೆಸರನ್ನೂ ಸೀಟನ್ನೂ ಎರಡನ್ನೂ ಒಪ್ಪಿಕೊಂಡೆ.

ಚೀಲದಲ್ಲಿ ಇಲ್ಲದ್ದು ಊರಿನಲ್ಲೇ ಸಿಗುತ್ತದೆ ಎಂದು ಕಲಿತದ್ದು ಕಿಕ್ಕೇರಿಯಲ್ಲಿ. ಅಲ್ಲೊಂದು ಮಗುವಿಗೆ ಕತ್ತು ನಿಲ್ಲದು, ಬೆನ್ನು ನಿಲ್ಲದು. ಒರಗಿ ಕೂರುವ ಮೂಲೆಯ ಕುರ್ಚಿ ಬೇಕಿತ್ತು. ಬಡಗಿ ರುದ್ರಾಚಾರಿಗೆ ಪಟ ತೋರಿಸಿ ಅಳತೆ ಕೊಟ್ಟೆ. ಮುಂದಿನ ವಾರ ಹೋದರೆ ಹಲಸಿನ ಮರದ್ದು, ಎರಡು ಕಡೆ ಗಿಳಿ ಕೆತ್ತಿದ್ದು, ಮೇಲೊಂದು ಕಮಾನು. ಎತ್ತಲು ಇಬ್ಬರು ಗಂಡಸರು ಬೇಕು.

"ಆಚಾರ್ರೇ, ಕೂಸು ಕೂರಾಕೆ ಕೇಳ್ದೆ, ನೀವು ಪಟ್ಟಕ್ಕೆ ಕೂರ್ಸೋ ಅಂಗೆ ಮಾಡಿದ್ದೀರಲ್ಲ."

"ಎಲ್ರು ಮಕ್ಳಿಗೂ ತೊಟ್ಲು ಕೆತ್ತಿವ್ನಿ ಕಣವ್ವ. ಈ ಕೂಸ್ಗೆ ಮಾತ್ರ ಬರೀ ಹಲ್ಗೆ ಹೊಡ್ದು ಕೊಡ್ಲಾ?"

ಕಮಾನನ್ನು ಮಾತ್ರ ತೆಗೆಸಿದೆ, ಗಿಳಿ ಉಳಿದವು. ಮಗು ಆ ಗಿಳಿಯ ಕೊಕ್ಕು ಹಿಡಿಯಲೆಂದೇ ಕೈ ಚಾಚಲು ಕಲಿತಿತು. ಗಿಳಿ ನನ್ನ ಪಟದಲ್ಲಿ ಇರಲಿಲ್ಲ. ನಿಮ್ಮ ಪಟದಲ್ಲೂ ಇರುವುದಿಲ್ಲ, ಯಾರಾದರೂ ಕೆತ್ತಿದರೆ ಬೇಡ ಅನ್ನಬೇಡಿ.

ಈಗ ಕ್ಯಾತನಹಳ್ಳಿಗೆ ಬರೋಣ. ನಾನು ಹೇಳಲು ಕೂತದ್ದೇ ಆ ಮನೆಯ ಮಾತು.

ಆ ಮನೆಯ ಮಗಳು ಪುಟ್ಟಲಕ್ಷ್ಮಿ. ಎಲ್ಲರಿಗೂ ಪುಟ್ಟಿ. ನಾನು ಹೋಗುವ ಹೊತ್ತಿಗೆ ಮೈಯಲ್ಲಿ ಅವಳು ತಾಯಿಗಿಂತ ಎತ್ತರ. ಮಾತು ಅಲ್ಲೊಂದು ಇಲ್ಲೊಂದು. ನಗು ಮಾತ್ರ ಧಾರಾಳ. ತಾಯಿ ಜಯಮ್ಮ ಅವಳಿಗೆ ಮೂರು ಹೊತ್ತೂ ಕೈಯಾರೆ ಉಣಿಸುತ್ತಿದ್ದಳು. ಬೇರೆ ಯಾರು ತುತ್ತು ಹಿಡಿದರೂ ಪುಟ್ಟಿ ಬಾಯಿ ಬಿಗಿಯುತ್ತಿದ್ದಳು. ಒಮ್ಮೆ ಜಯಮ್ಮ ತಂಗಿಯ ಮದುವೆಗೆ ಹೋಗಿ ಒಂದು ರಾತ್ರಿ ಉಳಿದಾಗ ಪುಟ್ಟಿ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲವಂತೆ. ಅಲ್ಲಿಂದಾಚೆಗೆ ಜಯಮ್ಮ ಊರು ದಾಟಿರಲಿಲ್ಲ.

ಈಗ ದಾಟಲೇಬೇಕಿತ್ತು. ಜಯಮ್ಮನಿಗೆ ಗರ್ಭಕೋಶದ ತೊಂದರೆ. ರಕ್ತ ಹೋಗಿ ಹೋಗಿ ಮುಖ ಬಿಳಿಚಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು, ಮುಂದೂಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಮುಂದೂಡುತ್ತಲೇ ಇದ್ದಳು.

"ನಾನು ಅಲ್ಲಿ ಮಲಿಕ್ಕಂಡ್ರೆ ಇವ್ಳು ಇಲ್ಲಿ ಉಪ್ವಾಸ ಬೀಳ್ತಾಳೆ ಟೀಚರಮ್ಮ. ಎರಡು ಜೀವ ಯಾಕೆ ಓಗ್ಬೇಕು, ಒಂದೇ ಓಗ್ಲಿ ಬುಡಿ."

ಇಂಥ ಮಾತನ್ನು ಅವಳು ಸೊಪ್ಪು ಬಿಡಿಸುತ್ತಾ, ಮಳೆಯ ಮಾತಾಡುವಷ್ಟು ಸಲೀಸಾಗಿ ಆಡಿದಳು. ಗಂಡ ಜವರೇಗೌಡ ಕಬ್ಬಿನ ಗದ್ದೆಯಿಂದ ಬಂದವನು ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದ. ನಾನು ಚೀಲ ತೆರೆದೆ. ಪುಟ್ಟಿ ತಾನೇ ಉಣ್ಣಲು ಕಲಿಯಬೇಕು, ಜಯಮ್ಮ ಆಪರೇಷನ್‌ಗೆ ಹೋಗಬೇಕು. ಗುರಿ ಹಗಲಿನಷ್ಟು ಸ್ಪಷ್ಟ. ನಾನು ತೆಗೆದದ್ದು ಮಾತ್ರ ಚಮಚ.

ಆಗ ತಾನೇ ತರಬೇತಿಯಲ್ಲಿ ಹಿಡಿ ದಪ್ಪಗಿರುವ ಚಮಚಗಳನ್ನು ಕೊಟ್ಟಿದ್ದರು. ಕೈ ಬಿಗಿಯಿಲ್ಲದ ಮಕ್ಕಳಿಗೆ ಬಹಳ ಒಳ್ಳೆಯದು. ನಾನು ಅದನ್ನು ಎತ್ತಿ ಹಿಡಿದೆ.

"ಔಸ್ದಿ ಕುಡ್ಸಾಕಾ?" ಅಂದಳು ಜಯಮ್ಮ.

"ಉಣ್ಣಾಕೆ."

"ಮುದ್ದೇನಾ?"

ಮಂಡ್ಯದ ನೀರು ಕುಡಿದು ಬೆಳೆದವಳು ನಾನು. ರಾಗಿಮುದ್ದೆಯನ್ನು ಚಮಚದಲ್ಲಿ ತಿನ್ನಿಸಲು ಹೊರಟೆ ನೋಡಿ. ಮುದ್ದೆ ಚಮಚವನ್ನು ಬಿಡಲಿಲ್ಲ, ಚಮಚ ಮುದ್ದೆಯನ್ನು ಬಿಡಲಿಲ್ಲ. ಎಳೆದರೆ ತಟ್ಟೆಯೇ ಮೇಲೆದ್ದು ಬಂತು. ಪುಟ್ಟಿಗೆ ಅದು ಬಲು ಇಷ್ಟವಾಗಿ, ಚಮಚ ಸಮೇತ ಮುದ್ದೆಯನ್ನು ಡೊಳ್ಳಿನ ಕೋಲಿನಂತೆ ಬೀಸಿದಳು. ಸಾರು ನನ್ನ ಕನ್ನಡಕದ ಮೇಲೆ ಕೂತಿತು. ಪಕ್ಕದ ಮನೆಯಲ್ಲಿದ್ದ ಜಯಮ್ಮನ ಓರಗಿತ್ತಿ ನಾಗಮ್ಮ ಬಂದು ನೋಡಿ, "ಇದೇನವ್ವ, ಇಷ್ಟು ದೂರದಿಂದ ಬಸ್ಸತ್ಕಂಡ್ ಬಂದು ಆಟಾಡ್ತಾವ್ರೆ" ಅಂದಳು.

ನಮ್ಮ ಸೂಪರ್ವೈಸರ್ ಶಿವಸ್ವಾಮಿ ಪಾಂಡವಪುರದಲ್ಲಿ ಕೂರುತ್ತಿದ್ದರು. ಸಿಡುಕು ಮನುಷ್ಯ. ಯಾರು ಏನು ಹೇಳಿದರೂ "ಗುರಿ ಏನು, ಗುರಿ ಏನು" ಎಂದು ಕೇಳುವವರು. ನಾವು ಹಿಂದಿನಿಂದ ಅವರಿಗೆ ಗುರಿಸ್ವಾಮಿ ಎಂದೇ ಹೆಸರಿಟ್ಟಿದ್ದೆವು. ಕನ್ನಡಕ ಒರೆಸುತ್ತಾ ಅವರಲ್ಲಿಗೆ ಹೋದೆ. ಅವರು ಎಲ್ಲ ಕೇಳಿ, ತಮ್ಮ ಅಂಗಿಯ ಗುಂಡಿಗಳನ್ನು ತೋರಿಸಿದರು.

"ಮಗುವಿಗೆ ಗುಂಡಿ ಹಾಕೋದು ಹೇಗೆ ಕಲಿಸ್ತೀರಿ?"

"ಎಲ್ಲಾನೂ ನಾವು ಹಾಕಿ ಕೊನೇದನ್ನ ಮಗೂಗೆ ಬುಡ್ತೀವಿ. ಅದು ಹಾಕಿದ್ ತಕ್ಷಣ ಕೆಲ್ಸ ಮುಗೀತು ಅನ್ನೋ ಖುಷಿ ಅದಕ್ಕೇ ಸಿಗ್ತದೆ. ಆಮೇಲೆ ಕೊನೇ ಎರಡು, ಆಮೇಲೆ ಮೂರು."

"ಊಟಕ್ಕೂ ಅದೇ ಮಾಡಿ. ಎಲ್ಲಾನೂ ಅವರಮ್ಮನೇ ಉಣಿಸಲಿ. ಕೊನೇ ತುತ್ತು ಹುಡುಗಿಗೆ ಬಿಡಲಿ."

ನಾನು ಬಸ್ಸಿನಲ್ಲಿ ಕೂರಲಾರದೆ ಕೂತೆ. ಎಷ್ಟು ಸುಲಭ, ಇದು ನನಗೇಕೆ ಹೊಳೆಯಲಿಲ್ಲ ಎಂದು ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಜಯಮ್ಮನಿಗೆ ಹೇಳಿಕೊಟ್ಟೆ. ಎಲ್ಲ ಉಣಿಸು, ಕೊನೆಯ ತುತ್ತನ್ನು ತಟ್ಟೆಯಲ್ಲೇ ಬಿಡು, ನೀನು ಹಿತ್ತಲಿಗೆ ಹೋಗಿ ಕೈ ತೊಳೆದುಕೋ. ತಾಯಿ ಎದುರಿಗಿದ್ದರೆ ಮಗಳು ಬಾಯಿ ತೆರೆದು ಕೂರುತ್ತಾಳೆ, ಅದಕ್ಕೇ ಹಿತ್ತಲು. ಜಯಮ್ಮ ಯಾಕೋ ಸ್ವಲ್ಪ ಅನುಮಾನಿಸಿದಳು. "ಕೊನೇದೇ ಬುಡ್ಬೇಕಾ? ನಡೂದು ಬುಟ್ರೆ ಆಗಾಕಿಲ್ವಾ?" ಅಂದಳು. ಕೊನೆಯದೇ ಎಂದು ನಾನು ಜೋರು ಮಾಡಿದೆ. ಅವಳು ಯಾಕೆ ಹಾಗೆ ಕೇಳಿದಳು ಎಂದು ನಾನು ಕೇಳಲಿಲ್ಲ. ನೀವು ಕೇಳಿ.

ಜಯಮ್ಮ ಉಣಿಸಿದಳು. ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ಒಂದೊಂದೇ ತುತ್ತು. ಕೊನೆಯದನ್ನು ತಟ್ಟೆಯಲ್ಲಿ ಬಿಟ್ಟು ಹಿತ್ತಲಿಗೆ ಹೋದಳು. ಚೊಂಬಿನ ಸದ್ದು ಕೇಳಿಸಿತು. ನಾನು ಗೋಡೆಗೆ ಅಂಟಿಕೊಂಡು ಉಸಿರು ಹಿಡಿದು ನಿಂತಿದ್ದೆ.

ಪುಟ್ಟಿ ತುತ್ತನ್ನು ನೋಡಿದಳು. ಕೈಗೆತ್ತಿಕೊಂಡಳು. ಆದರೆ ತುತ್ತು ಬಾಯಿಗೆ ಹೋಗಲಿಲ್ಲ. ಅವಳು ಎದ್ದಳು. ನೇರ ಹಿತ್ತಲಿಗೆ ಹೋಗಿ, ಬಗ್ಗಿ ಕೈ ತೊಳೆಯುತ್ತಿದ್ದ ತಾಯಿಯ ಮುಖದ ಸುತ್ತ ಆ ತುತ್ತನ್ನು ಸುತ್ತಿಸಿ, ಸುತ್ತಿಸಿ, ಸುತ್ತಿಸಿ, "ಓಗ್ಲಿ" ಅಂದು ಹೆಂಚಿನ ಮೇಲಕ್ಕೆ ಎಸೆದುಬಿಟ್ಟಳು. ಕಾದಿದ್ದ ಕಾಗೆ ಎತ್ತಿಕೊಂಡು ಹೋಯಿತು.

ಜಯಮ್ಮ ನೀರು ಸೋರುವ ಕೈಯಲ್ಲೇ ನಿಂತುಬಿಟ್ಟಳು.

"ಅದಕ್ಕೇ ಕಣವ್ವ ನಾನು ಕೇಳಿದ್ದು" ಅಂದಳು ಕೊನೆಗೆ. "ಕೊನೇ ತುತ್ತು ಇವ್ಳಿಗೆ ದಿಷ್ಟಿ ತೆಗ್ಯಾದು. ಮೊದ್ಲಿಂದ್ಲೂವೆ. ಕಂಡೋರ ಕಣ್ಣು, ಕಾಣ್ದೋರ ಕಣ್ಣು, ಎಲ್ಲಾ ಓಗ್ಲಿ ಅಂದು ಎಸೀತೀನಿ. ಅದ ತಿನ್ಬಾರ್ದಲ್ಲ."

ಮಗುವಿಗೆ ಕಣ್ಣು ತಾಗದಿರಲಿ ಎಂದು ಉಂಡ ಮೇಲೆ ತುತ್ತು ಸುತ್ತಿಸಿ ಎಸೆಯುವುದು ನಮ್ಮ ಮನೆಯಲ್ಲೂ ಇತ್ತು. ನಾನು ಆಗಲೇ ಟೀಚರಮ್ಮನಾಗಿದ್ದರಿಂದ ಮರೆತಿದ್ದೆ. ನಾಗಮ್ಮ ಬೇಲಿಯಾಚೆಯಿಂದ, "ಇವ್ಳಿಗೆ ಬುದ್ಧಿ ಇಲ್ಲ ಅಂತೀರಿ, ತಾಯಿಗೇ ದಿಷ್ಟಿ ತೆಗುದ್ಲು ನೋಡ್ರಪ್ಪ" ಎಂದು ನಕ್ಕಳು. ಆದರೆ ಜಯಮ್ಮ ನಗಲಿಲ್ಲ. ಒದ್ದೆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಕಲ್ಲಿನ ಮೇಲೆ ಕೂತಳು. "ನಂಗೆ ಯಾರೂ ತೆಗುದಿರ್ನಿಲ್ಲ ಟೀಚರಮ್ಮ, ನಮ್ಮವ್ವ ಓದ್ಮೇಲೆ" ಅಂದಳು.

ನನಗೆ ಅವತ್ತು ಬಸ್ಸು ಬೇಕಿರಲಿಲ್ಲ, ಹಾರಿಕೊಂಡೇ ಪಾಂಡವಪುರಕ್ಕೆ ಹೋಗುವ ಉತ್ಸಾಹ. ನೋಡಿ, ಈ ಹುಡುಗಿ ತುತ್ತು ಹಿಡಿಯುತ್ತಾಳೆ, ಎತ್ತುತ್ತಾಳೆ, ಮುಖದ ಹತ್ತಿರಕ್ಕೆ ಒಯ್ಯುತ್ತಾಳೆ, ಗುರಿಯಿಟ್ಟು ಎಸೆಯುತ್ತಾಳೆ. ಯಾರೂ ಕಲಿಸದೆ, ಬರೀ ನೋಡಿ ನೋಡಿ. ಬಾಯಿ ಎಷ್ಟು ದೂರ? ಫೋನಿನಲ್ಲಿ ಹೇಳಿದಾಗ ಶಿವಸ್ವಾಮಿ ಸರ್ ಮೊದಲ ಸಲ ಗುರಿ ಕೇಳದೆ ನಕ್ಕರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಅವಳ ಊಟದಲ್ಲಿ ಕೊನೇ ಕೆಲಸ ದೃಷ್ಟಿ ತೆಗೆಯೋದು. ಅದು ಅವಳಿಗೆ ಬಂದಾಗಿದೆ. ಅದರ ಹಿಂದಿನದಕ್ಕೆ ಹೋಗಿ" ಅಂದರು.

ಹಿಂದಿನದಕ್ಕೆ ಹೋದೆವು. ಈಗ ತಟ್ಟೆಯಲ್ಲಿ ಎರಡು ತುತ್ತು ಉಳಿಯುತ್ತಿತ್ತು. ಒಂದು ಪುಟ್ಟಿ ಉಣ್ಣಲು, ಒಂದು ದೃಷ್ಟಿ ತೆಗೆಯಲು. ಮೊದಲ ಸಲ ಎರಡನ್ನೂ ಎಸೆದಳು, ಕಾಗೆಗೆ ಹಬ್ಬ. ನಂತರದ ಸಲ ಒಂದನ್ನು ಕೈಯಲ್ಲಿ ಹಿಡಿದು, ಇನ್ನೊಂದನ್ನು ನೋಡಿದಳು. ಹಿತ್ತಲಿನಲ್ಲಿ ಚೊಂಬು ಸದ್ದು ಮಾಡಿತು. ಸಾರಿಗೆ ಅದ್ದಿದಳು, ಬಾಯಿಗೆ ಹಾಕಿದಳು, ನುಂಗಿದಳು. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ, ಅವಳೂ ಈ ಊರಿನವಳೇ. ನಾನು ಗೋಡೆಯ ಹಿಂದೆ ಸೀರೆಯ ಸೆರಗು ಕಚ್ಚಿಕೊಂಡು ಕುಣಿದೆ. ನಾಗಮ್ಮ ನೋಡಿದಳು. ನೋಡಲಿ.

ಆಮೇಲೆ ಎರಡು ತುತ್ತು ಮೂರಾಯಿತು, ಮೂರು ಅರ್ಧ ಮುದ್ದೆಯಾಯಿತು. ಜಯಮ್ಮ ಮಧ್ಯೆ ಮಧ್ಯೆ ಕಳ್ಳತನ ಮಾಡುತ್ತಿದ್ದಳು. ನಾನು ಇಲ್ಲದ ದಿನ ಪೂರ್ತಿ ಉಣಿಸಿ, "ಅವ್ಳೇ ಉಂಡ್ಲು" ಎನ್ನುತ್ತಿದ್ದಳು. ಅದಕ್ಕೆ ಈಗ ನೀವು ಮಾಡುವ ಹಾಗೆ ವಿಡಿಯೋ ಶುರುಮಾಡಿದೆ. ಪಕ್ಕದ ಮನೆಯ ನಾಗಮ್ಮನೇ ಫೋನ್ ಹಿಡಿದು ವಿಡಿಯೋ ಕಳಿಸಬೇಕು. ಮೊದಲ ವಿಡಿಯೋದಲ್ಲಿ ಬರೀ ನಾಗಮ್ಮನ ಹೆಬ್ಬೆರಳು ಕಂಡಿತು. ಎರಡನೆಯದರಲ್ಲಿ ಎಮ್ಮೆ. ಮೂರನೆಯದರಲ್ಲಿ ಪುಟ್ಟಿ ಇಡೀ ಮುದ್ದೆಯನ್ನು ತಾನೇ ಮುರಿದು ಉಣ್ಣುತ್ತಿದ್ದಳು, ಹಿಂದೆ ನಾಗಮ್ಮನ ಪಿಸುಮಾತು: "ಉಣ್ಣು ನನ್ ಕಂದ, ಉಣ್ಣು, ಟೀಚರಮ್ಮ ನೋಡ್ತಾವ್ರೆ." ನಾನದನ್ನು ನಾಗಮಂಗಲದ ಬಸ್ಸಿನಲ್ಲಿ ನೋಡಿ, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ತೋರಿಸಿದೆ. ಅವಳು, "ಯಾರ್ ಮದ್ವೆ?" ಅಂದಳು.

ಜಯಮ್ಮ ಆಪರೇಷನ್‌ಗೆ ಒಪ್ಪಿದಳು. ಅವಳು ಹೋದ ದಿನ ಬೆಳಿಗ್ಗೆಯೇ ನಾನು ಕ್ಯಾತನಹಳ್ಳಿಯಲ್ಲಿದ್ದೆ. ಜವರೇಗೌಡ ಹೆಂಡತಿಯನ್ನು ಆಟೋಗೆ ಹತ್ತಿಸಿದ. ಪುಟ್ಟಿ ಬಾಗಿಲಲ್ಲಿ ನಿಂತು ನೋಡಿದಳು, ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಧೈರ್ಯ ಇರುತ್ತಿತ್ತು.

ಮಧ್ಯಾಹ್ನ ನಾಗಮ್ಮ ತಟ್ಟೆ ಇಟ್ಟಳು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಪುಟ್ಟಿ ಮುಟ್ಟಲಿಲ್ಲ. ನಾವಿಬ್ಬರೂ ಎದುರಿಗೆ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಮುದ್ದೆ ಆರಿತು. ನಾಗಮ್ಮ ತುತ್ತು ಮುರಿದು ಹಿಡಿದಳು. ಪುಟ್ಟಿಯ ಬಾಯಿ ಬಿಗಿಯಿತು.

"ನೀವು ಕಲ್ಸಿದ್ದು ಇದೇನಾ?" ಎಂದು ನಾಗಮ್ಮ ನನ್ನ ಮೇಲೆ ಹಾರಿದಳು. "ನಮ್ಮಕ್ಕುನ್ನ ಅಲ್ಲಿಗೆ ಕಳ್ಸುದ್ರಿ, ಇಲ್ಲಿ ಮಗ ಒಣಿಕ್ಕಂಡು ಕೂತೈತೆ. ಈಗ್ಲೇ ಫೋನ್ ಮಾಡ್ತೀನಿ, ಅಲ್ಲಿಂದ್ಲೇ ವಾಪ್ಸು ಬಂದ್ಬುಡ್ಲಿ."

"ಒಸಿ ತಡಿಯವ್ವ."

"ಏನ್ ತಡ್ಯಾದು?"

ಫೋನು ಅವಳ ಕೈಯಲ್ಲಿತ್ತು. ಒಂದು ಕರೆ ಹೋಗಿದ್ದರೆ ಜಯಮ್ಮ ಆಪರೇಷನ್ ಬಟ್ಟೆಯಲ್ಲೇ ಬಸ್ಸು ಹತ್ತಿ ಬರುವವಳು. ನನಗೂ ಏನೂ ತೋಚುತ್ತಿರಲಿಲ್ಲ. ಸುಮ್ಮನೆ ಪುಟ್ಟಿಯನ್ನು ನೋಡಿದೆ. ಅವಳು ತಟ್ಟೆಯನ್ನೂ ನೋಡುತ್ತಿರಲಿಲ್ಲ, ನಮ್ಮನ್ನೂ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ಹಿತ್ತಲ ಬಾಗಿಲನ್ನು ನೋಡುತ್ತಿದ್ದಳು.

ಚೊಂಬು. ಚೊಂಬಿನ ಸದ್ದು ಆಗಿರಲಿಲ್ಲ.

ನಾಗಮ್ಮನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದೆ. "ಕೈ ತೊಳಿ" ಅಂದೆ. "ನಾನೇನು ಉಂಡಿದ್ದೀನಾ?" ಅಂದಳು. "ಉಣ್ದಿದ್ರೂ ತೊಳಿ, ಸದ್ದಾಗ್ಬೇಕು." ಅವಳು ಬೈದುಕೊಂಡೇ ಚೊಂಬನ್ನು ಹಂಡೆಗೆ ಬಡಿದು ನೀರು ಮೊಗೆದಳು. ನಾನೂ ಬಡಿದೆ. ಇಬ್ಬರೂ ಕೈ ತೊಳೆದೆವು, ಕಾಲು ತೊಳೆದೆವು, ಮುಖ ತೊಳೆದೆವು. ತೊಳೆಯಲು ಇನ್ನೇನೂ ಉಳಿಯದಾದಾಗ ಇಣುಕಿದೆವು. ತಟ್ಟೆ ಖಾಲಿ. ಪುಟ್ಟಿ ಕೊನೆಯ ತುತ್ತನ್ನು ಕೈಯಲ್ಲಿ ಹಿಡಿದು ಮನೆಯನ್ನೆಲ್ಲ ಹುಡುಕುತ್ತಿದ್ದಳು. ನಾಗಮ್ಮ ನನ್ನ ಒದ್ದೆ ಕೈ ಹಿಡಿದುಕೊಂಡವಳು ಬಿಡಲಿಲ್ಲ.

ಆಪರೇಷನ್ ಆಯಿತು. ಜಯಮ್ಮ ಚೆನ್ನಾಗಿದ್ದಾಳೆ ಎಂದು ಜವರೇಗೌಡ ಫೋನ್ ಮಾಡಿದ. ಜಯಮ್ಮ ಎದ್ದು ಕೂರುವಂತಾದ ಮೇಲೆ ಪುಟ್ಟಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಲು ಮತ್ತೆ ಬಂದೆ. ಹೊರಡುವಾಗ ಅವಳು ಕಿಟಕಿಯ ಹತ್ತಿರ ನಿಂತು ಅಲ್ಲಾಡಲಿಲ್ಲ. ಹೋಗಿ ನೋಡಿದರೆ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಒಣಗಿದ ಮುದ್ದೆಯ ತುತ್ತುಗಳು, ಹೊಳೆಯ ಕಲ್ಲಿನಂತೆ ಗಟ್ಟಿಯಾದವು. ಪ್ರತಿ ಊಟದ ಕೊನೆಯದು. ತಾಯಿ ಇಲ್ಲದೆ ಅವನ್ನು ಯಾರ ಸುತ್ತ ಸುತ್ತಿಸುವುದು? ಎಸೆಯದೆ ಕೂಡಿಟ್ಟಿದ್ದಳು. ನಾಗಮ್ಮ ಅವನ್ನೆಲ್ಲ ತನ್ನ ಕರ್ಚೀಫಿನಲ್ಲಿ ಗಂಟು ಕಟ್ಟಿ ಪುಟ್ಟಿಯ ಕೈಗಿಟ್ಟಳು.

ವಾರ್ಡಿನಲ್ಲಿ ಪುಟ್ಟಿ ತಾಯಿಯನ್ನು ಅಪ್ಪಿಕೊಳ್ಳಲಿಲ್ಲ. ಮೊದಲು ಗಂಟು ಬಿಚ್ಚಿದಳು. ಎರಡೂ ಕೈ ತುಂಬ ತುತ್ತು ಹಿಡಿದು ಜಯಮ್ಮನ ಮುಖದ ಸುತ್ತ ಸುತ್ತಿಸಿ, "ಎಲ್ಲಾ ಓಗ್ಲಿ" ಅಂದಳು. ಒಟ್ಟಿಗೆ ಎರಡು ಪದ. ಅದನ್ನು ಗಮನಿಸಿದವಳು ನಾನೊಬ್ಬಳೇ, ಏಕೆಂದರೆ ನರ್ಸ್ ಓಡಿ ಬಂದಿದ್ದಳು.

"ಏನಿದು ಕಲ್ಲು? ಇಲ್ಲಿ ಎಸೀಬಾರ್ದು."

"ದಿಷ್ಟಿ ಕಣವ್ವ" ಅಂದೆ. "ಆ ಹಳದಿ ಕಸದ ಡಬ್ಬಿಗೆ ಹಾಕ್ಬೇಕಾ, ಕೆಂಪು ಡಬ್ಬಿಗಾ?"

ನರ್ಸ್ ಡಬ್ಬಿಗಳನ್ನು ನೋಡಿದಳು, ಪುಟ್ಟಿಯನ್ನು ನೋಡಿದಳು. "ದಿಷ್ಟೀನ ಯಾರಾದ್ರೂ ಡಬ್ಬಿಗೆ ಹಾಕ್ತಾರಾ?" ಅಂದು, ಗ್ಲೌಸಿನ ಕೈ ಚಾಚಿ ಅಷ್ಟನ್ನೂ ಇಸಿದುಕೊಂಡು, ಕಾರಿಡಾರಿನ ಕೊನೆಯ ಕಿಟಕಿಯವರೆಗೆ ನಡೆದು ಹೋಗಿ ಹೊರಗೆ ಎಸೆದು ಬಂದಳು. ಕೇಳಿದರೆ ಅವಳ ತವರು ಕಿಕ್ಕೇರಿ.

ಅಷ್ಟರಲ್ಲಿ ಊಟದ ಗಾಡಿ ಬಂತು. ಜಯಮ್ಮನಿಗೆ ಮೆತ್ತಗಿನ ಇಡ್ಲಿ. ಬಲಗೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದರು. ಜವರೇಗೌಡ ತಟ್ಟೆ ಹಿಡಿಯಲು ಕೈ ಚಾಚಿದ. ಪುಟ್ಟಿ ಅವನ ಕೈ ಸರಿಸಿ ಮಂಚದ ತುದಿಯಲ್ಲಿ ಕೂತಳು. ಇಡ್ಲಿ ಮುರಿದಳು, ಚಟ್ನಿಗೆ ಅದ್ದಿದಳು, ತಾಯಿಯ ಬಾಯಿಗಿಟ್ಟಳು. ಜಯಮ್ಮ ಕಣ್ಣೀರಿನ ಸಮೇತ ನುಂಗಿದಳು. ಒಂದಾದ ಮೇಲೊಂದು.

ತಟ್ಟೆಯಲ್ಲಿ ಎರಡು ತುತ್ತು ಉಳಿದಾಗ ಪುಟ್ಟಿ ನಿಲ್ಲಿಸಿದಳು. ತಟ್ಟೆಯನ್ನು ತಾಯಿಯ ಮಡಿಲಿಗೆ ದೂಡಿದಳು. ಆಮೇಲೆ ಎದ್ದು ನಮ್ಮ ಕಡೆ ತಿರುಗಿಯೂ ನೋಡದೆ, ವಾರ್ಡಿನ ಮೂಲೆಯಲ್ಲಿದ್ದ ನಲ್ಲಿಗೆ ಹೋಗಿ ಕೈ ತೊಳೆಯತೊಡಗಿದಳು, ಬೇಕೆಂದೇ ಜೋರಾಗಿ ಸದ್ದು ಮಾಡುತ್ತಾ.

ಜಯಮ್ಮ ಸೂಜಿ ಚುಚ್ಚಿದ ಕೈಯನ್ನು ಮೆಲ್ಲಗೆ ಎತ್ತಿ ಒಂದು ತುತ್ತನ್ನು ತಾನೇ ಉಂಡಳು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ಮಗಳು ತಿರುಗುವುದನ್ನೇ ಕಾಯುತ್ತಾ ಕೂತಳು.